ಸಿಮ್ಯುಲೇಷನ್ 30 ನಿಮಿಷ ಎಂದಿತು, ರೆಸಿನ್ ಆರೂವರೆ ಅಡಿಗೇ ನಿಂತಿತು

ಪ್ರಶ್ನೆ:

“ನಮಸ್ಕಾರ್ರಿ ಸರ್. ಬೆಳಗಾವಿ ಹತ್ರ ಹೊನಗಾದಾಗ ನಮ್ಮದೊಂದು ಸಣ್ಣ ಎಫ್‌ಆರ್‌ಪಿ (ಗಾಜಿನ ನಾರು, ರೆಸಿನ್ ಸೇರಿಸಿ ಮಾಡೋ ಫೈಬರ್) ಶೆಡ್ ಐತಿ. ಇಷ್ಟು ವರ್ಷ ಕೈಯಿಂದನ ಮ್ಯಾಟ್ ಹಾಸಿ, ರೋಲರ್ ಹೊಡದು ಕೆಲಸ ಮಾಡೀವಿ. ಈಗ ಒಬ್ಬ ಗಿರಾಕಿ ಮಷಿನ್ ಕವರಿಗೆ 8 ಅಡಿ ಉದ್ದ, 4 ಅಡಿ ಅಗಲದ ಪ್ಯಾನೆಲ್ ಕೇಳ್ಯಾನ. ವ್ಯಾಕ್ಯೂಮ್ ಇನ್‌ಫ್ಯೂಷನ್ ಮಾಡಿನ ಕೊಡಬೇಕಂತ, ಅಂದ್ರ ಒಣಾ ಬಟ್ಟಿ ಮ್ಯಾಲ ಪ್ಲಾಸ್ಟಿಕ್ ಬ್ಯಾಗ್ ಮುಚ್ಚಿ, ಪಂಪಿನಿಂದ ಗಾಳಿ ಎಳದು ರೆಸಿನ್ ಒಳಗ ಬಿಡೋದು. ರೊಕ್ಕ ಕೊಟ್ಟು ಒಬ್ಬರ ಕಡೆ ಸಿಮ್ಯುಲೇಷನ್ ಮಾಡಿಸಿದ್ವಿ. 4 ಅಡಿ ಬದಿಯಿಂದ ರೆಸಿನ್ ಬಿಟ್ರ 30 ನಿಮಿಷದಾಗ ಪೂರ್ತಿ ತುಂಬತೈತಿ ಅಂತ ರಿಪೋರ್ಟ್ ಬಂತು. ಡಿಸೆಂಬರ್ ಮುಂಜಾನೆ ಮಾಡಿದ್ವಿ, ಶೆಡ್ಡಿನಾಗ 16 ಡಿಗ್ರಿ ಇತ್ತು. ಗೇಜ್ 640 ತೋರಸ್ತಿತ್ತು. ಕಪ್ಪಿನಾಗ ಇಟ್ಟ ರೆಸಿನ್ 50 ನಿಮಿಷಕ್ಕ ಜೆಲ್ ಆತು, ಅಂದ್ರ ಗಟ್ಟಿ ಆಗಾಕ ಹತ್ತಿ ಹರಿಯೋದು ನಿಂತಿತು. ಪ್ಯಾನೆಲ್ಲಿನ ಮೊದಲ 4 ಅಡಿ 16 ನಿಮಿಷದಾಗ ತುಂಬಿತು, ಎಲ್ಲಾರೂ ಖುಷಿ ಆದ್ವಿ. ಆಮ್ಯಾಲ ನಿಧಾನ ಆಗ್ಕೋತ ಹೋಗಿ ಆರೂವರೆ ಅಡಿಗೆ ನಿಂತ ಬಿಡ್ತು. ಅಷ್ಟರಾಗ ಎಡಗಡೆ ಅಂಚಿನ ಗುಂಟ ರೆಸಿನ್ ಓಡಿ ವ್ಯಾಕ್ಯೂಮ್ ಪೈಪ್ ಸೇರಿತ್ತು. ಕಡೀ ಒಂದೂವರೆ ಅಡಿ ಒಣಾ ಉಳೀತು. ದೊಡ್ಡ ಪಂಪ್ ತಗೋಬೇಕೋ? ಸ್ವಂತ ಸಾಫ್ಟ್‌ವೇರ್ ತಗೋಬೇಕೋ? ಇಲ್ಲಾ ಈ ಸಿಮ್ಯುಲೇಷನ್ ಅನ್ನೋದು ಬರೀ ಬಣ್ಣದ ಚಿತ್ರನೋ? ಪಕ್ಕದ ಫೌಂಡ್ರಿಯವ್ರಿಗೆ ಸರಿ ಬರೋದು ನಮಗ್ಯಾಕ ಬರಲಿಲ್ಲ? ಆ ಪ್ಯಾನೆಲ್ ಉಳಿಸಿಕೊಳ್ಳಾಕ ಆಗತೈತೇನ್ರಿ?”

ಉತ್ತರ:

ಇಷ್ಟು ಅಂಕಿ ಬರೆದಿಟ್ಟುಕೊಂಡು ಪ್ರಶ್ನೆ ಕೇಳುವವರು ಕಮ್ಮಿ. ಶೆಡ್ಡಿನ ತಾಪಮಾನ, ಗೇಜ್, ಜೆಲ್ ಸಮಯ, ಎಷ್ಟು ನಿಮಿಷಕ್ಕೆ ಎಷ್ಟು ಅಡಿ ಎಂಬುದು, ಎಲ್ಲವೂ ಇದೆ. ಜೊತೆಗೆ ಕಳಿಸಿದ ವರದಿಯನ್ನೂ ನೋಡಿದೆ. ವರದಿಗೆ ಕೊಟ್ಟ ದುಡ್ಡೂ ಹೋಯಿತು, ಪ್ಯಾನೆಲ್ಲೂ ಹೋಯಿತು, ಗಿರಾಕಿ ಬೇರೆ ಕಾಯುತ್ತಿದ್ದಾನೆ. ಇನ್ನು ಯಾರನ್ನು ನಂಬುವುದು ಎಂಬುದು ನಿಮ್ಮ ಸಂಕಟ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೆಸಿನ್ ಯಾವ ದಾರಿಯಲ್ಲಿ ಹೋಗುತ್ತದೆ, ಕೊನೆಗೆ ಯಾವ ಮೂಲೆ ತುಂಬುತ್ತದೆ ಎಂಬ ವಿಷಯದಲ್ಲಿ ಸಿಮ್ಯುಲೇಷನ್ ಒಳ್ಳೆಯ ಸಲಹೆಗಾರ. ಎಷ್ಟು ನಿಮಿಷ ಎಂಬ ವಿಷಯದಲ್ಲಿ ನೀವು ಕೊಟ್ಟ ಅಂಕಿಯಷ್ಟೇ ಅದರ ಯೋಗ್ಯತೆ. ನಿಮ್ಮ ಶೆಡ್ಡಿನ ಅಂಕಿ ಅದಕ್ಕೆ ಹೋಗಿರಲೇ ಇಲ್ಲ.

ನೀವೇ ಬರೆದ ಅಂಕಿಯಿಂದ ಶುರು ಮಾಡೋಣ. ಒಂದು ಬದಿಯಿಂದ ನೇರ ಹರಿಯುವ ರೆಸಿನ್‌ಗೆ ದೂರ ಎರಡು ಪಟ್ಟಾದರೆ ಹಿಡಿಯುವ ಹೊತ್ತು ನಾಲ್ಕು ಪಟ್ಟು. ಮೊದಲ 4 ಅಡಿಗೆ 16 ನಿಮಿಷವಾದರೆ 8 ಅಡಿಗೆ 64 ನಿಮಿಷ. ನಿಮ್ಮ ರೆಸಿನ್ 50 ನಿಮಿಷಕ್ಕೆ ಜೆಲ್. ಹದಿನಾರನೇ ನಿಮಿಷದಲ್ಲಿ ಎಲ್ಲರೂ ಖುಷಿಪಡುತ್ತಿದ್ದಾಗಲೇ ಈ ಪ್ಯಾನೆಲ್ ತುಂಬುವುದಿಲ್ಲ ಎಂಬುದು ತೀರ್ಮಾನವಾಗಿಬಿಟ್ಟಿತ್ತು. 50 ನಿಮಿಷಕ್ಕೆ ಲೆಕ್ಕ ಹಾಕಿದರೆ ರೆಸಿನ್ 7 ಅಡಿ ಮುಟ್ಟಬೇಕು. ಜೆಲ್ ಹತ್ತಿರ ಬಂದಂತೆ ಅದು ದಪ್ಪಗಾಗುತ್ತದೆ, ಹಾಗಾಗಿ ಅರ್ಧ ಅಡಿ ಮೊದಲೇ ನಿಂತಿದೆ. ಇದರಲ್ಲಿ ವಿಚಿತ್ರ ಏನೂ ಇಲ್ಲ.

ಹೀಗೇಕೆ? ಪಂಪ್ ಎಳೆಯುವ ಒತ್ತಡ ಮೊದಲಿನಿಂದ ಕೊನೆಯವರೆಗೂ ಅಷ್ಟೇ. ಆದರೆ ಹಿಂದೆ ನೆಂದ ಬಟ್ಟೆ ಉದ್ದವಾಗುತ್ತಾ ಹೋಗುತ್ತದೆ, ಹೊಸ ರೆಸಿನ್ ಅದನ್ನೆಲ್ಲ ದಾಟಿಕೊಂಡು ಮುಂದೆ ಬರಬೇಕು. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ದಿಜಾನ್ ಪಟ್ಟಣದ ನೀರಿನ ವ್ಯವಸ್ಥೆಯ ಕೆಲಸದಲ್ಲಿದ್ದಾಗ ಮರಳಿನ ಮೂಲಕ ನೀರು ಹರಿಸಿ ನೋಡಿ 1856ರಲ್ಲಿ ಪ್ರಕಟಿಸಿದ ನಿಯಮ ಇದರ ಬುನಾದಿ. ಒತ್ತಡದ ಇಳಿಜಾರು ಹೆಚ್ಚಿದಷ್ಟೂ, ಮಧ್ಯದ ವಸ್ತು ದಾರಿ ಬಿಟ್ಟಷ್ಟೂ ಹರಿವು ಜೋರು. ದ್ರವ ದಪ್ಪಗಿದ್ದಷ್ಟೂ ನಿಧಾನ. ನಮ್ಮ ಸಾಫ್ಟ್‌ವೇರ್‌ಗಳು ಮಾಡುವುದೂ ಇದನ್ನೇ. ಪ್ಯಾನೆಲ್ಲನ್ನು ಸಾವಿರಾರು ಚೂರು ಮಾಡಿ, ಪ್ರತಿ ಚೂರಿನಲ್ಲೂ ಒತ್ತಡ ಎಷ್ಟು ಎಂದು ಲೆಕ್ಕ ಹಾಕಿ, ರೆಸಿನ್‌ನ ಮುಂಚೂಣಿಯನ್ನು ಒಂದೊಂದೇ ಚೂರು ಮುಂದಕ್ಕೆ ಸರಿಸುತ್ತಾ ಹೋಗುತ್ತವೆ.

ಈಗ 30 ನಿಮಿಷ 64 ಆದದ್ದು ಹೇಗೆ ನೋಡಿ. ವರದಿಯ ಇನ್‌ಪುಟ್ ಪಟ್ಟಿಯಲ್ಲಿ ತಾಪಮಾನ 25 ಡಿಗ್ರಿ, ವಿಸ್ಕಾಸಿಟಿ (ದ್ರವ ಎಷ್ಟು ದಪ್ಪ ಎಂಬ ಅಳತೆ) 250 ಸೆಂಟಿಪಾಯ್ಸ್, ಒತ್ತಡ ಪೂರ್ತಿ ಒಂದು ಅಟ್ಮಾಸ್ಫಿಯರ್ ಎಂದಿದೆ. ನಿಮ್ಮ ಶೆಡ್ಡು 16 ಡಿಗ್ರಿಯಲ್ಲಿತ್ತು. ಈ ಜಾತಿಯ ಪಾಲಿಯೆಸ್ಟರ್ ರೆಸಿನ್ 10 ಡಿಗ್ರಿ ತಣ್ಣಗಾದರೆ ವಿಸ್ಕಾಸಿಟಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಅಂದರೆ ಆ ಮುಂಜಾನೆ ನಿಮ್ಮ ಬಕೆಟ್ಟಿನಲ್ಲಿದ್ದದ್ದು 450ರ ಆಸುಪಾಸು. ಅಲ್ಲಿಗೇ 1.8 ಪಟ್ಟು.

ಇನ್ನು ಒತ್ತಡ. ಇದನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವ್ಯಾಕ್ಯೂಮ್ ಇನ್‌ಫ್ಯೂಷನ್‌ನಲ್ಲಿ ರೆಸಿನ್ನನ್ನು ತಳ್ಳುವುದು ಹೊರಗಿನ ಗಾಳಿಯ ಭಾರ. ಪಂಪ್ ಆ ಕಡೆ ಜಾಗ ಖಾಲಿ ಮಾಡಿಕೊಡುತ್ತದೆ, ಅಷ್ಟೇ. ಸಮುದ್ರಮಟ್ಟದಲ್ಲಿ ಆ ಭಾರ 760 ಮಿಲಿಮೀಟರ್ ಪಾದರಸ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು ಸುಮಾರು 695. ಎಂಥ ಪಂಪ್ ತಂದರೂ ನಿಮ್ಮ ಶೆಡ್ಡಿನ ಡಯಲ್ ಗೇಜ್ ಅದನ್ನು ದಾಟದು. ದಾಟಿತು ಎಂದರೆ ಗೇಜ್ ಕೆಟ್ಟಿದೆ. ನಿಮ್ಮದು 640 ತೋರಿಸಿತು, ಅಂದರೆ ನಿಜವಾಗಿ ಸಿಕ್ಕ ತಳ್ಳು 640. ವರದಿ ಹಿಡಿದದ್ದು 760. ಇದರಿಂದ ಸಮಯ ಇನ್ನೂ ಐದನೇ ಒಂದು ಭಾಗ ಹೆಚ್ಚಾಯಿತು. ಎರಡೂ ಸೇರಿಸಿ 30ಕ್ಕೆ ಗುಣಿಸಿದರೆ 64 ನಿಮಿಷವೇ ಬರುತ್ತದೆ. ಅಂದರೆ ವರದಿ ಮಾಡಿದವರು ಬಟ್ಟೆಗೆ ಹಾಕಿದ ಪರ್ಮಿಯಬಿಲಿಟಿ, ಅಂದರೆ ಬಟ್ಟೆ ಎಷ್ಟು ಸಲೀಸಾಗಿ ದಾರಿ ಬಿಡುತ್ತದೆ ಎಂಬ ಅಂಕಿ, ಅಷ್ಟೇನೂ ತಪ್ಪಿರಲಿಲ್ಲ, ಈ ಕೆಲಸದಲ್ಲಿ ಅದೇ ದೊಡ್ಡ ಸಂಗತಿ. ನಿಮ್ಮ ಶೆಡ್ಡಿನ ಚಳಿ ಎಷ್ಟು ಎಂದು ಅವರು ಕೇಳಬೇಕಿತ್ತು, ಕೇಳಲಿಲ್ಲ.

ಫೌಂಡ್ರಿಯವರ ಮಾತಿಗೆ ಬರುತ್ತೇನೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ರನ್ನರ್ (ಲೋಹ ಹರಿಯುವ ಕಾಲುವೆ), ರೈಸರ್ (ಲೋಹ ಕುಗ್ಗುವಾಗ ಒದಗಿಸುವ ಕುಳಿ) ಎಲ್ಲಿಡಬೇಕು ಎಂದು ಸಿಮ್ಯುಲೇಷನ್ ನೋಡಿ ತೀರ್ಮಾನಿಸುವವರಿದ್ದಾರೆ, ಅವರಿಗೆ ಅದು ಕೆಲಸಕ್ಕೂ ಬರುತ್ತದೆ. ಆದರೆ ಅವರ ಅಚ್ಚಿನೊಳಗೆ ಲೋಹ ಹರಿಯುವ ಜಾಗ ಖಾಲಿ, ಡ್ರಾಯಿಂಗಿನಲ್ಲಿ ಇದ್ದ ಹಾಗೇ ಇರುತ್ತದೆ. ನಮ್ಮ ಅಚ್ಚಿನಲ್ಲಿ ರೆಸಿನ್‌ನ ದಾರಿ ಗಾಜಿನ ನಾರಿನ ಸಂದುಗಳು, ಆ ಸಂದು ಎಷ್ಟಿದೆ ಎಂಬುದು ಬಟ್ಟೆ ಹಾಸಿದವರ ಕೈಯಲ್ಲಿದೆ. ಬ್ಯಾಗ್ ಒತ್ತಿ ನಾರಿನ ಪಾಲು ಶೇ. 45ರಿಂದ 55ಕ್ಕೆ ಏರಿತು ಎನ್ನಿ. ಸಂದಿಗೂ ಹರಿವಿಗೂ ಇರುವ ಸಂಬಂಧ ಹೇಳುವ ಕೊಜೆನಿ-ಕಾರ್ಮನ್ ಸೂತ್ರದ ಪ್ರಕಾರ ಬಟ್ಟೆಯ ಪರ್ಮಿಯಬಿಲಿಟಿ ಮೂರನೇ ಒಂದು ಭಾಗಕ್ಕಿಂತ ತುಸು ಮೇಲೆ ಉಳಿಯುತ್ತದೆ. ಬಟ್ಟೆ ಓರೆಯಾಗಿ ಎಳೆದು ಹಾಸಿದರೆ ಬೇರೆ, ಮಡಿಕೆ ಬಿದ್ದರೆ ಬೇರೆ. ಇದನ್ನು ಅಳೆಯುವುದೂ ಸುಲಭವಲ್ಲ. ಒಂದೇ ಬಟ್ಟೆಯನ್ನು ಹಲವು ದೇಶಗಳ ಲ್ಯಾಬುಗಳು ತಮ್ಮ ತಮ್ಮ ವಿಧಾನದಲ್ಲಿ ಅಳೆದ ಹೋಲಿಕೆ 2011ರಲ್ಲಿ ಪ್ರಕಟವಾಯಿತು. ಉತ್ತರಗಳ ನಡುವೆ ಹತ್ತು ಪಟ್ಟಿನವರೆಗೆ ಅಂತರವಿತ್ತು. ಆಮೇಲೆ ವಿಧಾನ ಒಂದೇ ಮಾಡಿಕೊಂಡ ಮೇಲೆ ಅಂತರ ಬಹಳ ತಗ್ಗಿತು. ಸಮಯ ಪರ್ಮಿಯಬಿಲಿಟಿಗೆ ನೇರ ತಳುಕು ಹಾಕಿಕೊಂಡಿರುವುದರಿಂದ, ಪುಸ್ತಕದಿಂದ ಎತ್ತಿದ ಅಂಕಿ ಹಾಕಿ “ಇಷ್ಟೇ ನಿಮಿಷ” ಎಂದು ಎದೆ ತಟ್ಟಿ ಹೇಳುವವರ ಬಗ್ಗೆ ಹುಷಾರಾಗಿರಿ.

ಎಡ ಅಂಚಿನಲ್ಲಿ ರೆಸಿನ್ ಓಡಿದ್ದು ಬೇರೆಯೇ ಕಥೆ, ನನಗೆ ಕೇಳಿದರೆ ತಡವಾಗಿ ತುಂಬಿದ್ದಕ್ಕಿಂತ ಇದು ಕೆಟ್ಟದ್ದು. ಬಟ್ಟೆಗೂ ಅಚ್ಚಿನ ಅಂಚಿಗೂ ನಡುವೆ ಬರೀ 1 ಮಿಲಿಮೀಟರ್ ಸಂದು ಉಳಿದರೆ ಆ ಸಂದು ಬಟ್ಟೆಗಿಂತ ನೂರಾರು ಪಟ್ಟು ಸಲೀಸಾಗಿ ರೆಸಿನ್ ಬಿಡುತ್ತದೆ. ಬಟ್ಟೆ ಕತ್ತರಿಸುವಾಗ ಅಂಚು ನೇರ ಬರದಿದ್ದರೆ, ಬ್ಯಾಗ್ ಅಂಚಿನಲ್ಲಿ ಸೇತುವೆಯಂತೆ ಎದ್ದು ನಿಂತಿದ್ದರೆ, ಅಥವಾ ರೆಸಿನ್ ಬೇಗ ಹರಡಲು ಮೇಲೆ ಹಾಸುವ ಹಸಿರು ಜಾಲರಿ (ಫ್ಲೋ ಮೆಶ್) ಬಟ್ಟೆಗಿಂತ ಆಚೆ ಚಾಚಿದ್ದರೆ ಹೀಗಾಗುತ್ತದೆ. ರೆಸಿನ್ ಮೊದಲೇ ವ್ಯಾಕ್ಯೂಮ್ ಪೈಪ್ ಸೇರಿದ ಮೇಲೆ ಪಂಪ್ ಅದನ್ನೇ ಎಳೆಯುತ್ತಾ ಕೂರುತ್ತದೆ. ಒಣ ಜಾಗದ ಗಾಳಿಗೆ ಹೊರಹೋಗಲು ದಾರಿ ಕಟ್ಟಾಗುತ್ತದೆ. ಇನ್ನೂ 20 ನಿಮಿಷ ಜೆಲ್ ತಡವಾಗಿದ್ದರೂ ನಿಮ್ಮ ಆ ಒಂದೂವರೆ ಅಡಿ ಚೊಕ್ಕಾಗಿ ತುಂಬುತ್ತಿತ್ತು ಎಂದು ನಾನು ಹೇಳಲಾರೆ. ವರದಿಯ ಚಿತ್ರದಲ್ಲಿ ಅಂಚು ಗೆರೆ ಎಳೆದಂತೆ ನೇರ, ಸಂದೇ ಇಲ್ಲ. ಅಂಥ ಪ್ಯಾನೆಲ್ ಯಾವ ಶೆಡ್ಡಿನಲ್ಲೂ ಇಲ್ಲ.

ವರದಿ ತೋರಿಸದ ಇನ್ನೊಂದು ವಿಷಯವಿದೆ. ನಿಮ್ಮ ಪ್ಯಾನೆಲ್ಲನ್ನು ಅವರು ತೆಳು ಹಾಳೆಯೆಂದು ಹಿಡಿದು ದಪ್ಪದ ಲೆಕ್ಕವನ್ನು ಸರಾಸರಿ ಮಾಡಿದ್ದಾರೆ. 4 ಮಿಲಿಮೀಟರಿಗೆ ಪರವಾಗಿಲ್ಲ. ಮೇಲೆ ಮೆಶ್ ಹಾಕಿದಾಗ ರೆಸಿನ್ ಮೇಲ್ಪದರದಲ್ಲಿ ಮುಂದೆ ಓಡಿ, ಕೆಳಗಿನ ಪದರ ಹಿಂದೆ ಬೀಳುತ್ತದೆ. ದಪ್ಪ ಹೆಚ್ಚಿದ ಕಡೆ, ಫೋಮ್ ಪಟ್ಟಿಯ ಕೆಳಗೆ, ಇದನ್ನು ಮೂರು ಆಯಾಮದ ಲೆಕ್ಕವೇ ಹಿಡಿಯಬೇಕು. ಬ್ಯಾಗಿನ ಮೇಲಿಂದ ಎಲ್ಲ ನೆಂದಂತೆ ಕಂಡು, ತಿರುವಿ ಹಾಕಿದಾಗ ಕೆಳಗೆ ಬಿಳಿ ಮಚ್ಚೆ ಕಂಡರೆ ಕಾರಣ ಇದೇ.

ದೊಡ್ಡ ಪಂಪ್ ಬೇಡ. ಪಂಪಿನ ಸೈಜು ದೊಡ್ಡದಾದರೆ ಗಾಳಿ ಬೇಗ ಖಾಲಿಯಾಗುತ್ತದೆ, ತಳ್ಳುವ ಒತ್ತಡ ಹೆಚ್ಚಾಗುವುದಿಲ್ಲ. 640 ಹೋಗಿ 680 ಆಯಿತು ಎಂದೇ ಇಟ್ಟುಕೊಳ್ಳಿ, 64 ನಿಮಿಷ 60ಕ್ಕೆ ಇಳಿಯುತ್ತದೆ, ಅಷ್ಟೇ ಲಾಭ. ಅದರ ಬದಲು ಲೀಕ್ ಹುಡುಕಿ. ರೆಸಿನ್ ಬಿಡುವ ಮುಂಚೆ ಪಂಪಿನ ವಾಲ್ವ್ ಬಂದ್ ಮಾಡಿ ಕಾಲು ಗಂಟೆ ಗೇಜ್ ನೋಡಿ. ಮುಳ್ಳು ಕಣ್ಣಿಗೆ ಕಾಣುವಂತೆ ಇಳಿಯುತ್ತಿದ್ದರೆ ಸೀಲಂಟ್ ಟೇಪಿನ ಮೂಲೆಗಳಲ್ಲಿ, ಪೈಪ್ ಒಳಹೋಗುವ ಕಡೆ ಕಿವಿಗೊಡಿ. ಲೀಕ್ ಇರುವ ಬ್ಯಾಗ್ ಬರೀ ನಿಧಾನ ಮಾಡುವುದಿಲ್ಲ, ಪ್ಯಾನೆಲ್ಲಿನೊಳಗೆ ಗುಳ್ಳೆ ತುಂಬುತ್ತದೆ.

ಹಾಗೆಯೇ, ಸಮಯ ಗಿಟ್ಟಿಸಲು ಹಾರ್ಡನರ್ ಕಡಿಮೆ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಶೇ. 1ಕ್ಕಿಂತ ಕೆಳಗಿಳಿದರೆ, ಅದರಲ್ಲೂ ಚಳಿಯಲ್ಲಿ, ರೆಸಿನ್ ಜೆಲ್ ಆದರೂ ಪೂರ್ತಿ ಕ್ಯೂರ್ ಆಗದೆ ಮೆತ್ತಗೆ ಉಳಿಯುತ್ತದೆ. ಜೆಲ್ ಬೇಗ ಆಗಿಸುವ ಕೋಬಾಲ್ಟ್ ತಗ್ಗಿಸುವುದೋ, ಇನ್‌ಫ್ಯೂಷನ್‌ಗೆಂದೇ ಬರುವ ನಿಧಾನದ ದರ್ಜೆ ಕೇಳುವುದೋ ಮೇಲು. ರೆಸಿನ್ ಕಂಪನಿಯ ಡೇಟಾ ಶೀಟ್ ಹೇಳಿದ ಮಿತಿಯೊಳಗೆ. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಎಂದಿಗೂ ಬೆರೆಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ಮೊದಲ ದಿನವೇ ಇದನ್ನು ಹೇಳಿ. ಸ್ಟೈರೀನ್ ಸುರಿದು ತೆಳು ಮಾಡುವುದನ್ನೂ ನಾನು ಒಪ್ಪುವುದಿಲ್ಲ. ಪ್ಯಾನೆಲ್ ಹೆಚ್ಚು ಕುಗ್ಗುತ್ತದೆ, ಪೆಡಸಾಗುತ್ತದೆ, ಶೆಡ್ಡಿನಲ್ಲಿ ಉಸಿರಾಡುವವರಿಗೂ ಕಷ್ಟ.

ಹಾಗಾದರೆ ಮಾಡಬೇಕಾದದ್ದು? ರೆಸಿನ್ ನಡೆಯುವ ದೂರ ಕಡಿಮೆ ಮಾಡಿ. 4 ಅಡಿ ಬದಿಯಿಂದ ಬಿಡುವ ಬದಲು 8 ಅಡಿ ಬದಿಯಿಂದ ಬಿಟ್ಟರೆ ದಾರಿ 4 ಅಡಿ, ಸಮಯ ನಿಮ್ಮದೇ ಅಂಕಿಯಂತೆ 16 ನಿಮಿಷ. ಪ್ಯಾನೆಲ್ಲಿನ ನಡುಮಧ್ಯೆ ಉದ್ದಕ್ಕೂ ಸ್ಪೈರಲ್ ಪೈಪ್ (ಸುರುಳಿಯ ಸಂದಿನಿಂದ ಉದ್ದಕ್ಕೂ ರೆಸಿನ್ ಬಿಡುವಂಥದ್ದು) ಹಾಸಿ, ವ್ಯಾಕ್ಯೂಮನ್ನು ಎರಡೂ ಉದ್ದ ಬದಿಗಳಿಗೆ ಕೊಟ್ಟರೆ ಪ್ರತಿ ಕಡೆ 2 ಅಡಿ ಮಾತ್ರ, ಲೆಕ್ಕಕ್ಕೆ 4 ನಿಮಿಷ. ನಾನಾದರೆ ಇದನ್ನೇ ಆರಿಸುತ್ತೇನೆ. ಆದರೆ ಇದಕ್ಕೂ ತನ್ನದೇ ತಾಪತ್ರಯ ಉಂಟು. ಸುಮಾರು 6 ಲೀಟರ್ ರೆಸಿನ್ 4 ನಿಮಿಷದಲ್ಲಿ ಒಳಹೋಗಬೇಕೆಂದರೆ ಬಕೆಟ್ಟಿನಿಂದ ಬರುವ ಪೈಪು ಸಾಕಾಗಬೇಕಲ್ಲ. 10 ಮಿಲಿಮೀಟರ್ ಒಳವ್ಯಾಸದ, ಒಂದೂವರೆ ಮೀಟರ್ ಉದ್ದದ ಪೈಪಿನಲ್ಲಿ ಆ ಚಳಿ ರೆಸಿನ್ ಅಷ್ಟು ಜೋರಾಗಿ ಹರಿಯಬೇಕಾದರೆ ನಿಮ್ಮ ಒತ್ತಡದ ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ಪೈಪೇ ತಿಂದುಹಾಕುತ್ತದೆ. 16 ಮಿಲಿಮೀಟರಿನದಾದರೆ ಎಂಟನೇ ಒಂದು ಭಾಗ. ಸಾಫ್ಟ್‌ವೇರ್ ಸಾಮಾನ್ಯವಾಗಿ ಪ್ಯಾನೆಲ್ ಬಾಯಿಯಲ್ಲೇ ಪೂರ್ತಿ ಒತ್ತಡ ಇದೆ ಎಂದು ಹಿಡಿಯುತ್ತದೆ, ಪೈಪಿನ ಗೊಡವೆಗೆ ಹೋಗುವುದಿಲ್ಲ. ದಪ್ಪ ಪೈಪು ಹಾಕಿ, ಮೋಟು ಮಾಡಿ, ಆದರೂ 4 ನಿಮಿಷ ನಿರೀಕ್ಷಿಸಬೇಡಿ. 10 ನಿಮಿಷವಾದರೂ ನಿಮಗೆ ಗೆಲುವೇ. ನಡುವೆ ಸ್ಪೈರಲ್ ಕೂತ ಜಾಗದಲ್ಲಿ ಬ್ಯಾಗಿನ ಕಡೆ ಒಂದು ಗುರುತು ಉಳಿಯುತ್ತದೆ, ಗಿರಾಕಿಗೆ ಮೊದಲೇ ಹೇಳಿ. ಮೆಶ್ಶನ್ನು ವ್ಯಾಕ್ಯೂಮ್ ಬದಿಗೆ 2 ಇಂಚು ಇರುವಾಗಲೇ ನಿಲ್ಲಿಸಿ. ಆ ಕೊನೆಯ ಪಟ್ಟಿಯಲ್ಲಿ ರೆಸಿನ್ ನಿಧಾನವಾಗಿ ಹಿಂದೆ ಬಿದ್ದ ಜಾಗಗಳನ್ನು ಕೂಡಿಕೊಳ್ಳುತ್ತದೆ.

ನಾಲ್ಕೂ ಕಡೆಯಿಂದ ರೆಸಿನ್ ಬಿಟ್ಟು ನಡುವೆ ಎಳೆಯುವುದು ಇನ್ನೂ ವೇಗ ಎಂದು ಯಾರಾದರೂ ಹೇಳಿಯಾರು. ನಿಜ, ವೇಗವೇ. ಆದರೆ ನಾಲ್ಕು ಮುಂಚೂಣಿಗಳು ನೀವಿಟ್ಟ ತೂತಿನ ಹತ್ತಿರವೇ ಬಂದು ಕೂಡಬೇಕೆಂಬ ನಿಯಮವೇನಿಲ್ಲ. ಸ್ವಲ್ಪ ಆಚೆ ಕೂಡಿದರೆ ನಡುವೆ ಗಾಳಿ ಸಿಕ್ಕಿಕೊಂಡಿತು, ಪ್ಯಾನೆಲ್ ರಿಜೆಕ್ಟ್. ಅದನ್ನು ಸಿಮ್ಯುಲೇಷನ್ ಇಲ್ಲದೆ ಮಾಡಬೇಡಿ.

ಶೆಡ್ ಬೆಚ್ಚಗೆ ಮಾಡುವುದು ಒಳ್ಳೆಯದೇ, ಅಚ್ಚು ಮತ್ತು ರೆಸಿನ್ ಎರಡೂ 25ಕ್ಕೆ ಬರಲಿ. ಬಾಗಿಲು ಹಾಕಿ, ಹಿಂದಿನ ರಾತ್ರಿಯೇ ಡ್ರಮ್ ಒಳಗಿಟ್ಟು, ಹನ್ನೊಂದು ಗಂಟೆಯ ಮೇಲೆ ಕೆಲಸ ಶುರು ಮಾಡಿದರೂ ವ್ಯತ್ಯಾಸ ಕಾಣುತ್ತದೆ. ಡ್ರಮ್ಮಿಗೆ ಬೆಂಕಿ ಹತ್ತಿರ ತರಬೇಡಿ. ನೆನಪಿಡಿ, ಬಿಸಿ ಹೆಚ್ಚಾದರೆ ಜೆಲ್ಲೂ ಬೇಗ ಆಗುತ್ತದೆ. ತೆಳುವಾದದ್ದರಿಂದ ಬಂದ ಲಾಭವನ್ನು ಅದು ನುಂಗಿಹಾಕಬಹುದು. ಡಿಸೆಂಬರಿನಲ್ಲಿ ಗೊತ್ತು ಮಾಡಿಕೊಂಡ ಹಾರ್ಡನರ್ ಅಳತೆಯನ್ನೇ ಏಪ್ರಿಲ್ ಮಧ್ಯಾಹ್ನಕ್ಕೆ ಹಾಕಿದರೆ ಇನ್ನೊಂದು ಪತ್ರ ಬರೆಯಬೇಕಾದೀತು. ದಿನವೂ ಕಪ್ ಟೆಸ್ಟ್ ಮಾಡಿ. ನನ್ನ ಕಟ್ಟಳೆ: ಕಪ್ಪಿನಲ್ಲಿ ಜೆಲ್ ಆಗುವ ಹೊತ್ತಿನ ಅರ್ಧದೊಳಗೆ ಪ್ಯಾನೆಲ್ ತುಂಬಿರಬೇಕು.

ಮುಂದಿನ ಕೆಲಸಕ್ಕೆ ಮುಂಚೆ ಒಂದು ಪಟ್ಟಿ ಪರೀಕ್ಷೆ ಮಾಡಿ. ಇದಕ್ಕೆ ಸಾಫ್ಟ್‌ವೇರ್ ಬೇಡ. ಪ್ಯಾನೆಲ್ಲಿಗೆ ಹಾಕುವಷ್ಟೇ ಪದರ, ಅದೇ ಪೀಲ್ ಪ್ಲೈ (ಆಮೇಲೆ ಕಿತ್ತು ತೆಗೆಯುವ ಬಟ್ಟೆ), ಅದೇ ಮೆಶ್ ತೆಗೆದುಕೊಂಡು 1 ಮೀಟರ್ ಉದ್ದ, ಅರ್ಧ ಅಡಿ ಅಗಲದ ಪಟ್ಟಿ ಕತ್ತರಿಸಿ ಗಾಜಿನ ಮೇಲೆ ಬ್ಯಾಗ್ ಮಾಡಿ. ಎರಡೂ ಅಂಚನ್ನು ಸೀಲಂಟ್ ಟೇಪಿನಿಂದ ಬಿಗಿಯಾಗಿ ಒತ್ತಿ, ಸಂದು ಉಳಿಯಬಾರದು. ಬ್ಯಾಗಿನ ಮೇಲೆ ಮಾರ್ಕರಿನಿಂದ 10 ಸೆಂಟಿಮೀಟರಿಗೊಂದು ಗೆರೆ ಎಳೆಯಿರಿ. ರೆಸಿನ್ ಬಿಟ್ಟು, ಪ್ರತಿ ಗೆರೆ ಮುಟ್ಟಿದ ಹೊತ್ತು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಗಾಜಿನ ಕೆಳಗಿನಿಂದಲೂ ಇಣುಕಿ ನೋಡಿ, ಕೆಳಪದರ ಎಷ್ಟು ಹಿಂದಿದೆ ಎಂದು ತಿಳಿಯುತ್ತದೆ. ದೂರವನ್ನು ಅದರಿಂದಲೇ ಗುಣಿಸಿ ಸಮಯದ ಎದುರು ಗ್ರಾಫ್ ಹಾಕಿದರೆ ನೇರ ಗೆರೆ ಬರಬೇಕು. ಕೊನೆಯಲ್ಲಿ ಬಾಗಿದರೆ ರೆಸಿನ್ ಜೆಲ್‌ ಕಡೆ ಹೊರಟಿದೆ. ಮೊದಲಿನಿಂದಲೇ ಅಂಕುಡೊಂಕಾದರೆ ಅಂಚಿನಲ್ಲಿ ಓಡುತ್ತಿದೆ. 1 ಮೀಟರಿಗೆ ಹಿಡಿದ ಹೊತ್ತನ್ನು 5.76ರಿಂದ ಗುಣಿಸಿದರೆ ನಿಮ್ಮ 8 ಅಡಿಯ, ಅಂದರೆ 2.4 ಮೀಟರಿನ ಸಮಯ ಬಂತು. ರೆಸಿನ್ ದುಬಾರಿ ಎನಿಸಿದರೆ ಶೇಂಗಾ ಎಣ್ಣೆಯಲ್ಲೂ ಮಾಡಬಹುದು. 25 ಡಿಗ್ರಿಯಲ್ಲಿ ಅದರ ವಿಸ್ಕಾಸಿಟಿ 60ರಿಂದ 70 ಸೆಂಟಿಪಾಯ್ಸ್, ಜೆಲ್ ಆಗುವ ಗಡಿಬಿಡಿ ಇಲ್ಲ. ರೆಸಿನ್‌ನ ವಿಸ್ಕಾಸಿಟಿ ಎಣ್ಣೆಯದಕ್ಕಿಂತ ಎಷ್ಟು ಪಟ್ಟೋ ಸಮಯವೂ ಅಷ್ಟು ಪಟ್ಟು. ರೆಸಿನ್‌ನ ವಿಸ್ಕಾಸಿಟಿ ಎಷ್ಟು ಎಂದು ನೋಡಲು ಪೇಂಟ್ ಶಾಪಿನವರ ಬಿ-4 ಕಪ್ಪು (ತಳದ ತೂತಿನಿಂದ ಖಾಲಿಯಾಗುವ ಹೊತ್ತು ನೋಡುವ ಕಪ್ಪು) ಅಂದಾಜಿಗೆ ಸಾಕು.

ಸಾಫ್ಟ್‌ವೇರ್ ವಿಚಾರ. ಪ್ಯಾಮ್-ಆರ್‌ಟಿಎಂ, ನೆದರ್ಲೆಂಡ್ಸ್‌ನ ಆರ್‌ಟಿಎಂ-ವರ್ಕ್ಸ್, ಡೆಲವೇರ್ ವಿಶ್ವವಿದ್ಯಾಲಯದ ಲಿಮ್ಸ್ ಈ ಕ್ಷೇತ್ರದ ಹಳೆಯ ಹೆಸರುಗಳು. ಓಪನ್‌ಫೋಮ್ ಉಚಿತ, ಆದರೆ ಕಲಿಯಲು ತಿಂಗಳುಗಟ್ಟಲೆ ಬೇಕು. ಚಪ್ಪಟೆ ಪ್ಯಾನೆಲ್ ಮಾಡುವವರಿಗೆ ಇದ್ಯಾವುದೂ ಬೇಡ, ಸ್ವಂತಕ್ಕಂತೂ ಖಂಡಿತ ಬೇಡ. ಬಸ್ಸಿನ ಮೂತಿಯಂಥ ತಿರುವುಮುರುವಿನ ಆಕಾರ ಬಂದಾಗ, ಒಂದೇ ಪ್ಯಾನೆಲ್ಲಿನಲ್ಲಿ ತೆಳು-ದಪ್ಪ ಇದ್ದಾಗ, ಅಥವಾ ಎರಡೂ ಬದಿ ಲೋಹದ ಅಚ್ಚು ಇರುವ ಆರ್‌ಟಿಎಂಗೆ ಹೋದಾಗ ಮಾಡಿಸಿ. ಲೋಹದ ಅಚ್ಚಿಗೆ ತೂತು ಕೊರೆದ ಮೇಲೆ ಜಾಗ ಬದಲಿಸಲು ಆಗುವುದಿಲ್ಲ, ಅಲ್ಲಿ ಸಿಮ್ಯುಲೇಷನ್ ಹಾಕಿದ ದುಡ್ಡು ದುಡಿದು ಕೊಡುತ್ತದೆ. ಉದ್ಯಮಬಾಗದಲ್ಲೇ ಗೋಗಟೆ ಎಂಜಿನಿಯರಿಂಗ್ ಕಾಲೇಜಿದೆ. ಕೊನೆಯ ವರ್ಷದ ಮೆಕ್ಯಾನಿಕಲ್ ಹುಡುಗರು ಪ್ರಾಜೆಕ್ಟಿಗೆ ನಿಜವಾದ ಕೆಲಸ ಹುಡುಕುತ್ತಿರುತ್ತಾರೆ. ನಿಮ್ಮ ಪಟ್ಟಿ ಪರೀಕ್ಷೆಯ ಅಂಕಿ ಹಿಡಿದುಕೊಂಡು ಹೋಗಿ ಒಮ್ಮೆ ಮಾತಾಡಿ ನೋಡಿ.

ಮತ್ತೆ ಹೊರಗೆ ಮಾಡಿಸಿದರೆ, ಪರ್ಮಿಯಬಿಲಿಟಿ ಅಂಕಿ ಎಲ್ಲಿಂದ ತಂದಿರಿ, ನನ್ನ ಬಟ್ಟೆಯಲ್ಲೇ ಅಳೆದದ್ದೇ ಎಂದು ಕೇಳಿ. ನಿಮ್ಮ ಗೇಜಿನ ಒತ್ತಡ, ಆ ತಿಂಗಳ ಶೆಡ್ಡಿನ ತಾಪಮಾನ ಅವರಿಗೆ ಬರೆದುಕೊಡಿ. ಎಡ ಅಂಚಿನಲ್ಲಿ ಸಂದು ಇದ್ದರೆ ಒಂದು, ಬಲಕ್ಕಿದ್ದರೆ ಒಂದು, ಎರಡೂ ಕಡೆ ಇದ್ದರೆ ಒಂದು, ಹೀಗೆ ಓಡಿಸಿ ತೋರಿಸಲು ಹೇಳಿ. ಅಷ್ಟೂ ಸಲ ಕೊನೆಗೆ ತುಂಬುವ ಜಾಗ ವ್ಯಾಕ್ಯೂಮ್ ಪೈಪಿನ ಹತ್ತಿರವೇ ಬಂದರೆ ಆ ಲೇಔಟ್ ಗಟ್ಟಿ. ಒಂದರಲ್ಲಾದರೂ ಪ್ಯಾನೆಲ್ಲಿನ ನಡುವೆ ಒಣ ಜಾಗ ಸಿಕ್ಕಿಕೊಂಡರೆ, ಬಾಕಿ ಚಿತ್ರಗಳು ಎಷ್ಟೇ ಚೆಂದವಿರಲಿ, ಪೈಪಿನ ಜಾಗ ಬದಲಿಸಿ.

ಇನ್ನು ಆ ಪ್ಯಾನೆಲ್. ಒಣ ಭಾಗಕ್ಕೆ ಬ್ರಷ್ಷಿನಿಂದ ರೆಸಿನ್ ಕುಡಿಸಿ ಮುಚ್ಚಿಬಿಡುವ ಆಸೆ ಆಗುತ್ತದೆ. ಮೇಲ್ಪದರ ನೆನೆಯುತ್ತದೆ, ಒಳಗೆ ಗಾಳಿ ಹಾಗೇ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇದು ಬರೀ ಧೂಳು ತಡೆಯುವ ಕವರ್ ಆದರೆ ಒಣ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಗಟ್ಟಿ ಭಾಗದ ಅಂಚನ್ನು ಕನಿಷ್ಠ 3 ಇಂಚು ಓರೆಯಾಗಿ ಗ್ರೈಂಡ್ ಮಾಡಿ, ಹೊಸ ಪದರಗಳನ್ನು ಕೈಯಿಂದಲೇ ಹಾಕಿ ಜೋಡಿಸಬಹುದು. ಗಿರಾಕಿಗೆ ತಿಳಿಸಿಯೇ ಮಾಡಿ, ಆ ಭಾಗ ಉಳಿದದ್ದಕ್ಕಿಂತ ದಪ್ಪವೂ ಭಾರವೂ ಆಗುತ್ತದೆ. ಕವರಿನ ಮೇಲೆ ಯಾರಾದರೂ ನಿಲ್ಲುವುದಿದ್ದರೆ, ಎತ್ತುವ ಕೊಕ್ಕೆ ಆ ತುದಿಗೇ ಬರುವುದಿದ್ದರೆ, ಈ ರಿಪೇರಿ ಬೇಡ. ಅದನ್ನು ಪಟ್ಟಿ ಕತ್ತರಿಸಿ ಒಳಗೆ ರೆಸಿನ್ ಎಲ್ಲಿಯವರೆಗೆ ಹೋಗಿದೆ ಎಂದು ನೋಡಲು ಬಳಸಿ, ಹೊಸದು ಮಾಡಿ ಕೊಡಿ.